ಒಂಬತ್ತು ಪ್ರವೇಶಗಳ ಲೆಕ್ಕ: ಮಹಿಳಾ ಅಧ್ಯಯನ ವಿಭಾಗಗಳ ಉಳಿವಿಗಾಗಿ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಉನ್ನತ ಶಿಕ್ಷಣ ಸಚಿವರು, ಕರ್ನಾಟಕ ಸರ್ಕಾರ, ಬೆಂಗಳೂರು
ಹಾಗೂ
ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳು

ವಿಷಯ: ಪ್ರವೇಶ ಸಂಖ್ಯೆ ಕಡಿಮೆ ಎಂಬ ಕಾರಣಕ್ಕೆ ಮಹಿಳಾ ಅಧ್ಯಯನ ವಿಭಾಗಗಳನ್ನು ವಿಲೀನಗೊಳಿಸುವ ಪ್ರಸ್ತಾವವನ್ನು ಕೈಬಿಡುವ ಕುರಿತು.

ಮಾನ್ಯರೇ,

ರಾಜ್ಯದ ಒಂದು ವಿಶ್ವವಿದ್ಯಾಲಯದ ಮಹಿಳಾ ಅಧ್ಯಯನ ವಿಭಾಗದಲ್ಲಿ ಇಪ್ಪತ್ತೇಳು ವರ್ಷ ಪಾಠ ಮಾಡಿ 2021ರಲ್ಲಿ ನಿವೃತ್ತಳಾದ ಅಧ್ಯಾಪಕಿ ನಾನು. ಕಳೆದ ಎಂಟು ತಿಂಗಳಲ್ಲಿ ಇದೇ ವಿಷಯವಾಗಿ ಮೂರು ಮನವಿಗಳನ್ನು ಟಪಾಲು ವಿಭಾಗಕ್ಕೆ ಕೊಟ್ಟಿದ್ದೇನೆ. ಸ್ವೀಕೃತಿಯ ಮೊಹರು ಬಿಟ್ಟರೆ ಬೇರೆ ಉತ್ತರ ಬಂದಿಲ್ಲ. ಆದ್ದರಿಂದ ಈಗ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ವಿಶ್ವವಿದ್ಯಾಲಯದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಆ ವಿಭಾಗದಲ್ಲಿ ಈಗ ಪಾಠ ಮಾಡುತ್ತಿರುವ ಮೂವರೂ ಅತಿಥಿ ಉಪನ್ಯಾಸಕಿಯರು, ಮೂವರೂ ನನ್ನ ವಿದ್ಯಾರ್ಥಿನಿಯರು. ಅವರ ಮುಂದಿನ ವರ್ಷದ ಕೆಲಸ ಒಂದು ಸಹಿಯ ಮೇಲೆ ನಿಂತಿದೆ. ನನ್ನ ಪಿಂಚಣಿಯನ್ನು ಯಾರೂ ಮುಟ್ಟಲಾರರು, ಹಾಗಾಗಿ ಮಾತಾಡುವ ಹೊಣೆ ನನ್ನದು.

ನಡೆದದ್ದನ್ನು ಮೊದಲು ಹೇಳುತ್ತೇನೆ. ಸತತ ಎರಡು ವರ್ಷ ಹದಿನೈದಕ್ಕಿಂತ ಕಡಿಮೆ ಪ್ರವೇಶಗಳಾದ ಸ್ನಾತಕೋತ್ತರ ವಿಭಾಗಗಳನ್ನು 'ಸಮೀಪದ ವಿಷಯ'ದ ವಿಭಾಗಗಳೊಂದಿಗೆ ಸೇರಿಸಬೇಕೆಂಬ ಟಿಪ್ಪಣಿಯೊಂದು ವಿದ್ಯಾವಿಷಯಕ ಪರಿಷತ್ತಿನ ಮುಂದೆ ಬಂತು. ಮಹಿಳಾ ಅಧ್ಯಯನದ ಪ್ರವೇಶ ಆ ವರ್ಷ ಒಂಬತ್ತು, ಅದರ ಹಿಂದಿನ ವರ್ಷ ಹನ್ನೊಂದು. ಸಮಾಜಕಾರ್ಯ ವಿಭಾಗದೊಂದಿಗೆ ಸೇರಿಸಿ, ನಾಲ್ಕು ಸೆಮಿಸ್ಟರುಗಳ ಎಂ.ಎ. ಪದವಿಯನ್ನು ಒಂದೇ ಐಚ್ಛಿಕ ಪತ್ರಿಕೆಗೆ ಇಳಿಸುವುದು ಪ್ರಸ್ತಾವ. ಚರ್ಚೆ ಕೆಲವೇ ನಿಮಿಷಗಳಲ್ಲಿ ಮುಗಿಯಿತೆಂದು ಸಭೆಯಲ್ಲಿದ್ದ ಸದಸ್ಯರೊಬ್ಬರು ನನಗೆ ಹೇಳಿದರು. ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿನ ಒಪ್ಪಿಗೆ ಇನ್ನೂ ಬಾಕಿಯಿದೆ. ಆದರೆ ಒಪ್ಪಿಗೆಗೆ ಕಾಯದೆ ವಿಭಾಗದ ಗ್ರಂಥಾಲಯದ ಕೋಣೆಯನ್ನು ಪರೀಕ್ಷಾ ವಿಭಾಗದ ಹಳೆಯ ಉತ್ತರಪತ್ರಿಕೆಗಳಿಗೆ ಬಿಟ್ಟುಕೊಡಲಾಗಿದೆ. ಪುಸ್ತಕಗಳನ್ನು ಗೋಣಿಚೀಲಗಳಲ್ಲಿ ತುಂಬಿ ಕಾರಿಡಾರಿನಲ್ಲಿ ಇಟ್ಟಿರುವುದನ್ನು ನಾನೇ ಹೋಗಿ ಕಣ್ಣಾರೆ ನೋಡಿಬಂದಿದ್ದೇನೆ.

ಒಂಬತ್ತು ಎಂಬ ಸಂಖ್ಯೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆ ಒಂಬತ್ತು ಹೇಗೆ ಒಂಬತ್ತಾಯಿತು ಎಂಬುದನ್ನು ಮಾತ್ರ ತಮ್ಮ ಗಮನಕ್ಕೆ ತರಬಯಸುತ್ತೇನೆ.

ನಾನು 1994ರಲ್ಲಿ ಸೇರಿದಾಗ ವಿಭಾಗಕ್ಕೆ ಮಂಜೂರಾಗಿದ್ದ ಬೋಧಕ ಹುದ್ದೆಗಳು ನಾಲ್ಕು. ಒಬ್ಬರು ನಿವೃತ್ತರಾದರು, ಒಬ್ಬರು ಬೇರೆ ವಿಶ್ವವಿದ್ಯಾಲಯಕ್ಕೆ ಹೋದರು, ಮೂರನೆಯವಳು ನಾನು, ನಾಲ್ಕನೆಯವರು 2023ರಲ್ಲಿ ನಿವೃತ್ತರಾದರು. ನಾಲ್ಕು ಹುದ್ದೆಗಳಲ್ಲಿ ಒಂದನ್ನೂ ತುಂಬಿಲ್ಲ. ಈಗ ವಿಭಾಗದ ಮುಖ್ಯಸ್ಥರ ಕುರ್ಚಿಯಲ್ಲಿ ಪ್ರಭಾರಿಯಾಗಿ ಕೂತಿರುವವರು ಬೇರೊಂದು ವಿಷಯದ ಅಧ್ಯಾಪಕರು. ಸಜ್ಜನರು, ಆದರೆ ವಾರಕ್ಕೊಮ್ಮೆ ಸಹಿ ಹಾಕಲು ಬರುತ್ತಾರೆ. ಅತಿಥಿ ಉಪನ್ಯಾಸಕಿಯರ ನೇಮಕದ ಆದೇಶ ತರಗತಿಗಳು ಶುರುವಾಗಿ ಆರು ವಾರ, ಕೆಲವೊಮ್ಮೆ ಎರಡು ತಿಂಗಳು ಕಳೆದ ಮೇಲೆ ಹೊರಬೀಳುತ್ತದೆ. ಪ್ರವೇಶದ ದಿನಗಳಲ್ಲಿ ಅರ್ಜಿ ಹಿಡಿದು ಬಂದ ಹುಡುಗಿಯೊಬ್ಬಳು ವಿಭಾಗದ ಬಾಗಿಲಿಗೆ ಬೀಗ ಕಂಡು, ಎದುರಿನ ಕಟ್ಟಡದಲ್ಲಿ ಬಾಗಿಲು ತೆರೆದಿದ್ದ ವಿಭಾಗವನ್ನು ಸೇರಿಕೊಂಡರೆ ಅದು ವಿಷಯಕ್ಕೆ ಬೇಡಿಕೆಯಿಲ್ಲ ಎಂಬುದಕ್ಕೆ ಸಾಕ್ಷಿಯಾಗುತ್ತದೆಯೇ?

ಇನ್ನೊಂದು ಸಂಗತಿ ಇದಕ್ಕಿಂತ ಹಳೆಯದು. ನಮ್ಮ ವ್ಯಾಪ್ತಿಯ ಪದವಿ ಕಾಲೇಜುಗಳಲ್ಲಿ ಮಹಿಳಾ ಅಧ್ಯಯನ ಒಂದು ವಿಷಯವಾಗಿ ಇಲ್ಲವೆನ್ನುವಷ್ಟು ವಿರಳ. ಇತಿಹಾಸದ ಎಂ.ಎ.ಗೆ ಬರುವವಳು ಮೂರು ವರ್ಷ ಬಿ.ಎ.ಯಲ್ಲಿ ಇತಿಹಾಸ ಓದಿ ಬರುತ್ತಾಳೆ. ಮಹಿಳಾ ಅಧ್ಯಯನಕ್ಕೆ ಬರುವವಳು ಆ ಹೆಸರನ್ನೇ ಪ್ರವೇಶ ಪ್ರಕಟಣೆಯಲ್ಲಿ ಮೊದಲ ಸಲ ಓದುತ್ತಾಳೆ. ಓದಿ ಮುಗಿಸಿದವಳು ಅಧ್ಯಾಪಕ ಹುದ್ದೆಯ ಅರ್ಹತೆಗಿರುವ ನೆಟ್ ಪರೀಕ್ಷೆಯನ್ನು ಇದೇ ವಿಷಯದಲ್ಲಿ ಪಾಸು ಮಾಡಬಹುದು, ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಅದಕ್ಕೆ ಅವಕಾಶ ಕೊಟ್ಟಿದೆ. ಪಾಸಾದ ಮೇಲೆ ಅರ್ಜಿ ಹಾಕಲು ಹುದ್ದೆ ಎಲ್ಲಿದೆ? ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ನೇಮಕಾತಿ ಬಂದಾಗ ನಮ್ಮ ಪದವಿಗೆ ಪ್ರತ್ಯೇಕ ಆದ್ಯತೆ ಸಿಕ್ಕ ನಿದರ್ಶನವನ್ನು ನನ್ನ ವಿದ್ಯಾರ್ಥಿನಿಯರ ಅನುಭವದಲ್ಲಿ ನಾನು ಕಂಡಿಲ್ಲ. ಮೇಲಿನಿಂದ ನೀರು ಬರುವ ತೂಬನ್ನೂ ಮುಚ್ಚಿ, ಕೆಳಗೆ ಹರಿಯುವ ಕಾಲುವೆಯನ್ನೂ ಮುಚ್ಚಿ, ಕೆರೆ ಒಣಗಿದೆ ಎಂದು ಟಿಪ್ಪಣಿ ಬರೆಯಲಾಗಿದೆ.

ಆ ಟಿಪ್ಪಣಿಯಲ್ಲಿ ಇಲ್ಲದ ಒಂದು ಸಂಖ್ಯೆಯೂ ಇದೆ. ಬೇರೆ ವಿಭಾಗಗಳ ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ ನಮ್ಮ ವಿಭಾಗ ನಡೆಸುವ ಮುಕ್ತ ಆಯ್ಕೆಯ ಪತ್ರಿಕೆಗೆ ಅದೇ ವರ್ಷ ಹೆಸರು ಕೊಟ್ಟವರು ನೂರ ನಲವತ್ತಕ್ಕೂ ಹೆಚ್ಚು. ಭೌತಶಾಸ್ತ್ರ, ವಾಣಿಜ್ಯ, ಗ್ರಂಥಾಲಯ ವಿಜ್ಞಾನ, ಪತ್ರಿಕೋದ್ಯಮದ ಹುಡುಗರೂ ಹುಡುಗಿಯರೂ ಇದ್ದರು. ಕೂರಲು ಜಾಗ ಸಾಲದೆ ಸಭಾಂಗಣದಲ್ಲಿ ಪಾಠ ಮಾಡಬೇಕಾಯಿತು. ಹಾಜರಾತಿ ಪುಸ್ತಕ ಕಚೇರಿಯಲ್ಲಿದೆ, ತಾವು ತರಿಸಿ ನೋಡಬಹುದು. ಆದರೆ ಆ ವಿದ್ಯಾರ್ಥಿಗಳು ಬೇರೆ ವಿಭಾಗಗಳ ಪಟ್ಟಿಯಲ್ಲಿರುವುದರಿಂದ ನಮ್ಮ ಪ್ರವೇಶ ಸಂಖ್ಯೆಯಲ್ಲಿ ಸೇರುವುದಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಈ ಮಾತನ್ನು ನಾನು ಕೊಂಕಿಗಾಗಿ ಬಳಸುತ್ತಿಲ್ಲ. ಈ ದೇಶದಲ್ಲಿ ಮಹಿಳಾ ಅಧ್ಯಯನ ಎಂಬ ಶಿಸ್ತು ಹುಟ್ಟಿದ್ದೇ ಲೆಕ್ಕಕ್ಕೆ ಸಿಗದವರನ್ನು ಲೆಕ್ಕಕ್ಕೆ ತರುವ ಕೆಲಸದಿಂದ. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ಅನುಮತಿ ಕೋರುತ್ತೇನೆ.

ಈ ವಿಷಯ ಹೊರದೇಶದಿಂದ ಬಂದ ಫ್ಯಾಷನ್ನು ಎಂಬ ಮಾತು ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಇದರ ಮೂಲ ಭಾರತ ಸರ್ಕಾರದ್ದೇ ಒಂದು ಕಡತದಲ್ಲಿದೆ. 1971ರಲ್ಲಿ ಕೇಂದ್ರ ಸರ್ಕಾರ ಭಾರತದ ಮಹಿಳೆಯರ ಸ್ಥಿತಿಗತಿಗಳ ಬಗ್ಗೆ ಒಂದು ಸಮಿತಿಯನ್ನು ನೇಮಿಸಿತು. ಫೂಲ್‌ರೇಣು ಗುಹಾ ಅದರ ಅಧ್ಯಕ್ಷರಾಗಿದ್ದರು, ವೀಣಾ ಮಜುಂದಾರ್ ಸದಸ್ಯ ಕಾರ್ಯದರ್ಶಿಯಾಗಿದ್ದರು. 1974ರ ಕೊನೆಗೆ ಸಲ್ಲಿಕೆಯಾದ ವರದಿ ಓದಿದವರನ್ನು ಬೆಚ್ಚಿಬೀಳಿಸಿತು, ಬರೆದವರನ್ನೂ ಸಹ. ಸ್ವಾತಂತ್ರ್ಯ ಬಂದಮೇಲೆ ಹೆಣ್ಣುಮಕ್ಕಳ ಬದುಕು ಮೇಲಕ್ಕೇರುತ್ತಿದೆ ಎಂದೇ ವಿದ್ಯಾವಂತರೆಲ್ಲ ನಂಬಿದ್ದ ಕಾಲದಲ್ಲಿ ಸರ್ಕಾರದ್ದೇ ಜನಗಣತಿ ಬೇರೆಯದನ್ನು ಹೇಳುತ್ತಿತ್ತು: 1901ರಲ್ಲಿ ಸಾವಿರ ಗಂಡಸರಿಗೆ 972 ಹೆಂಗಸರಿದ್ದರೆ, 1971ರಲ್ಲಿ ಇದ್ದವರು 930. ಅಂಕಿಗಳು ಎಲ್ಲರ ಕಣ್ಣೆದುರು ಅಚ್ಚಾಗಿದ್ದವು, ಒಟ್ಟಿಗೆ ಇಟ್ಟು ಓದಿದವರಿರಲಿಲ್ಲ. ಹಾಗೆ ಓದುವುದನ್ನೇ ಒಂದು ವಿದ್ಯೆಯಾಗಿ ಬೆಳೆಸಬೇಕೆಂದು ಹೊರಟವರಿಂದ ಈ ವಿಷಯ ರೂಪುಗೊಂಡಿತು. 1974ರಲ್ಲೇ ನೀರಾ ದೇಸಾಯಿಯವರು ಮುಂಬಯಿಯ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ಘಟಕವನ್ನು ಕಟ್ಟಿದರು, 1981ರಲ್ಲಿ ಅಲ್ಲೇ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆಯಿತು, ಮರುವರ್ಷ ಭಾರತೀಯ ಮಹಿಳಾ ಅಧ್ಯಯನ ಸಂಘ ಹುಟ್ಟಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಮಹಿಳಾ ಅಧ್ಯಯನವನ್ನು ವಿವಿಧ ಕೋರ್ಸುಗಳ ಭಾಗವಾಗಿ ಪ್ರೋತ್ಸಾಹಿಸಬೇಕೆಂದು ಹೆಸರಿಟ್ಟು ಹೇಳಿತು, ಯುಜಿಸಿ ಮಹಿಳಾ ಅಧ್ಯಯನ ಕೇಂದ್ರಗಳಿಗೆ ಅನುದಾನ ಕೊಡತೊಡಗಿತು.

ಈಗ ನಮ್ಮವರೇ ಆದ ಒಬ್ಬರ ಕೆಲಸವನ್ನು ನೆನೆಯುತ್ತೇನೆ. ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ 1970ರ ದಶಕದಲ್ಲಿ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ತಮ್ಮ ಸಂಗಡಿಗರೊಂದಿಗೆ ಮನೆಮನೆಯ ದಿನಚರಿಯನ್ನು ದಾಖಲಿಸಿದರು. ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾರು ಸೌದೆ ತರುತ್ತಾರೆ, ಯಾರು ದನ ಮೇಯಿಸುತ್ತಾರೆ ಎಂದು ಗಂಟೆಗಳ ಲೆಕ್ಕ ಇಟ್ಟರು. ಗಣತಿದಾರ 'ಕೆಲಸವಿಲ್ಲ' ಎಂದು ಬರೆದುಕೊಂಡು ಹೋಗುವ ಹೆಂಗಸು ದಿನವಿಡೀ ದುಡಿಯುತ್ತಾಳೆ ಎಂಬುದು ಎಲ್ಲರಿಗೂ ಗೊತ್ತಿತ್ತು, ಆದರೆ ಅದು ಅಂಕಿಯಾಗಿ ಸರ್ಕಾರದ ಮೇಜಿನ ಮೇಲೆ ಬಂದದ್ದು ಇಂಥ ಕೆಲಸದಿಂದ. 1998-99ರಲ್ಲಿ ಸರ್ಕಾರ ಆರು ರಾಜ್ಯಗಳಲ್ಲಿ ಪ್ರಾಯೋಗಿಕವಾಗಿ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಇಡೀ ದೇಶದ ಸಮೀಕ್ಷೆ ನಡೆಯಲು 2019 ಬರಬೇಕಾಯಿತು. ಅದರ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ಕೊಡುವ ಸಮಯ ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಇದು 289 ಮತ್ತು 88 ಆಗಿದೆ. ಐದು ವರ್ಷಗಳಲ್ಲಿ ಹೆಂಗಸರ ಕೆಲಸ ಹತ್ತು ನಿಮಿಷ ಕಡಿಮೆಯಾಯಿತು, ಗಂಡಸರದ್ದು ಒಂಬತ್ತು. ಈ ಅಂಕಿಗಳನ್ನು ಇಂದು ಮಂತ್ರಿಗಳ ಭಾಷಣಗಳಲ್ಲೂ ಪತ್ರಿಕೆಗಳ ಸಂಪಾದಕೀಯಗಳಲ್ಲೂ ಕಾಣುತ್ತೇವೆ. ಅವುಗಳನ್ನು ಕೇಳುವ ಪ್ರಶ್ನೆಯನ್ನು ಹುಟ್ಟಿಸಿದ ವಿಷಯಕ್ಕೆ ಒಂದು ಕೋಣೆ ಕೊಡುವುದು ದುಬಾರಿಯೆನಿಸಿದೆ.

ನನ್ನ ತರಗತಿಯದೇ ಒಂದು ಉದಾಹರಣೆ ಕೊಡುತ್ತೇನೆ. ಬೀಡಿ ಕಟ್ಟುವ ಮನೆಯಿಂದ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ಕಿರುಸಂಶೋಧನೆಗೆ ವಿಷಯ ಸಿಗದೆ ಕೊರಗುತ್ತಿದ್ದಳು. ನಿನ್ನ ಅಮ್ಮನ ಹದಿನಾಲ್ಕು ದಿನಗಳನ್ನು ಬರೆದುಕೊಂಡು ಬಾ ಎಂದೆ. ಇನ್ನೂರು ಪುಟದ ನೋಟ್ ಪುಸ್ತಕವೊಂದರಲ್ಲಿ ಗೆರೆ ಎಳೆದು, ಅರ್ಧರ್ಧ ಗಂಟೆಗೊಂದರಂತೆ ತುಂಬಿ ತಂದಳು. ನಸುಕಿನ ನಾಲ್ಕೂವರೆಗೆ ನಲ್ಲಿಯ ನೀರು, ಎಲೆ ನೆನೆಹಾಕುವುದು, ಅಡುಗೆ, ಎಲೆ ಕತ್ತರಿಸುವುದು, ಬೀಡಿ ಸುತ್ತುತ್ತಲೇ ಮೊಮ್ಮಗುವಿನ ತೊಟ್ಟಿಲು ತೂಗುವುದು, ಮತ್ತೆ ಅಡುಗೆ, ರಾತ್ರಿ ಹತ್ತಕ್ಕೆ ಕಟ್ಟುಗಳನ್ನು ಎಣಿಸುವುದು. ತೊಟ್ಟಿಲು ತೂಗುತ್ತ ಬೀಡಿ ಸುತ್ತಿದ ಹೊತ್ತನ್ನು ಯಾವ ಕಾಲಮ್ಮಿಗೆ ಹಾಕಲಿ ಮೇಡಂ ಎಂದು ಕೇಳಿದಳು. ಆ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಜಗತ್ತಿನ ಸಂಖ್ಯಾಶಾಸ್ತ್ರಜ್ಞರು ಇಂದಿಗೂ ತಲೆಕೆಡಿಸಿಕೊಂಡಿರುವ ಪ್ರಶ್ನೆ ಅದು. ಆ ಮನೆಯ ಪಡಿತರ ಚೀಟಿಯಲ್ಲಿ ತಾಯಿಯ ಉದ್ಯೋಗ 'ಗೃಹಿಣಿ' ಎಂದಿತ್ತು. ಬೀಡಿ ಕಂಪನಿಯ ಪುಸ್ತಕದಲ್ಲಿದ್ದದ್ದು ತಂದೆಯ ಹೆಸರು. ನೀವೇನು ಕೆಲಸ ಮಾಡುತ್ತೀರಿ ಎಂದು ಮಗಳೇ ಔಪಚಾರಿಕವಾಗಿ ಪ್ರಶ್ನಾವಳಿ ಹಿಡಿದು ಕೇಳಿದಾಗ ಆ ತಾಯಿ ಕೊಟ್ಟ ಉತ್ತರ, 'ಏನಿಲ್ಲವ್ವ, ಮನೇಲೇ ಇರ್ತೀನಿ.' ಆ ಹುಡುಗಿ ಇಂದು ಜಿಲ್ಲಾ ಪಂಚಾಯತಿಯೊಂದರಲ್ಲಿ ಕೆಲಸ ಮಾಡುತ್ತಿದ್ದಾಳೆ. ತನ್ನ ಕಚೇರಿಗೆ ಬರುವ ಸಮೀಕ್ಷೆಯ ನಮೂನೆಗಳಲ್ಲಿ ಉದ್ಯೋಗದ ಕಾಲಮ್ಮನ್ನು ತಾನು ಮೊದಲು ನೋಡುತ್ತೇನೆ ಎಂದು ಈಚೆಗೆ ಫೋನಿನಲ್ಲಿ ಹೇಳಿದಳು. ಆ ವರ್ಷದ ಪ್ರವೇಶ ಸಂಖ್ಯೆ ಹನ್ನೆರಡಿತ್ತು.

ಸಾಹಿತ್ಯ ಮತ್ತು ಚರಿತ್ರೆಯ ಕಡೆಗೆ ನೋಡಿದರೂ ಇದೇ ಕಥೆ. ನಂಜನಗೂಡು ಎಂಬ ಒಂದೇ ಊರು ಕೊಟ್ಟ ಇಬ್ಬರು ಹೆಂಗಸರ ಸಂಗತಿ ಸಾಕು. 1878ರಲ್ಲಿ ಅಲ್ಲಿ ಹುಟ್ಟಿ ಮುಂದೆ ಬೆಂಗಳೂರು ನಾಗರತ್ನಮ್ಮ ಎಂದೇ ಹೆಸರಾದ ಸಂಗೀತ ವಿದುಷಿ, ತಂಜಾವೂರಿನ ಕವಯಿತ್ರಿ ಮುದ್ದುಪಳನಿಯ ತೆಲುಗು ಕಾವ್ಯವನ್ನು ಕತ್ತರಿ ಹಾಕದೆ 1910ರಲ್ಲಿ ಅಚ್ಚು ಮಾಡಿಸಿದರು. ಹೆಂಗಸು ಬರೆದ ಶೃಂಗಾರವನ್ನು ಹೆಂಗಸು ಅಚ್ಚುಹಾಕಿದ್ದು ಅಶ್ಲೀಲವೆಂದು ಬ್ರಿಟಿಷ್ ಸರ್ಕಾರ ಆ ಪುಸ್ತಕವನ್ನು ನಿಷೇಧಿಸಿತು. ಅದೇ ಊರಿನ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡ ತಿರುಮಲಾಂಬಾ, 1887ರಲ್ಲಿ ಹುಟ್ಟಿ, ಎಳವೆಯಲ್ಲೇ ವಿಧವೆಯಾಗಿ, ತಾವೇ ಗ್ರಂಥಮಾಲೆ ನಡೆಸಿ, ಪತ್ರಿಕೆಗಳನ್ನು ಹೊರಡಿಸಿ, ಆಮೇಲೆ ದಶಕಗಟ್ಟಲೆ ಯಾರ ನೆನಪಿಗೂ ಬಾರದಂತೆ ಬದುಕಿ 1982ರಲ್ಲಿ ತೀರಿಕೊಂಡರು. ಅವರನ್ನು ಮತ್ತೆ ಓದುವಂತೆ ಮಾಡಿದವರು ಚಿ.ನ. ಮಂಗಳಾ, ವಿಜಯಾ ದಬ್ಬೆ ಅವರಂಥ ಅಧ್ಯಾಪಕಿಯರು. ಸಾಹಿತ್ಯ ಚರಿತ್ರೆಯ ಪುಸ್ತಕಗಳಲ್ಲಿ ಅರ್ಧ ಸಾಲಾಗಿದ್ದವರನ್ನು ಹುಡುಕಿ ತೆಗೆಯಲು ಧೂಳು ಹಿಡಿದ ಸಂಚಿಕೆಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಕಾರಿಡಾರಿನ ಗೋಣಿಚೀಲಗಳಲ್ಲಿ ಈಗ ಇರುವುದು ಇಂಥ ಸಂಚಿಕೆಗಳೇ; ನಮ್ಮ ವಿದ್ಯಾರ್ಥಿನಿಯರು ತಮ್ಮ ತಮ್ಮ ತಾಲ್ಲೂಕುಗಳಿಂದ ಹೊತ್ತು ತಂದ ಹಳೆಯ ಮಹಿಳಾ ಪತ್ರಿಕೆಗಳು, ಸೋಬಾನೆ ಪದಗಳ ಕೈಬರಹಗಳು, ಸೂಲಗಿತ್ತಿಯರ ಸಂದರ್ಶನಗಳ ಕ್ಯಾಸೆಟ್ಟುಗಳು. ಮಳೆಗಾಲದಲ್ಲಿ ಆ ಕಾರಿಡಾರಿಗೆ ಎರಚಲು ಬಡಿಯುತ್ತದೆ ಎಂಬುದನ್ನು ಇಪ್ಪತ್ತೇಳು ವರ್ಷ ಅಲ್ಲಿ ಓಡಾಡಿದ ನಾನು ಬಲ್ಲೆ.

2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಮ್ಮ ವಿಶ್ವವಿದ್ಯಾಲಯದ ಮಹಾದ್ವಾರದಲ್ಲೂ ದೊಡ್ಡ ಬ್ಯಾನರು ಕಟ್ಟಿದ್ದರು. ಸಂತೋಷ. ಆ ಕಥೆಗಳನ್ನು ವರ್ಷಗಳಿಂದ ಪಾಠ ಮಾಡುತ್ತ ಬಂದ ವಿಭಾಗವನ್ನು ಆ ಸಮಾರಂಭಕ್ಕೆ ಕರೆದಿರಲಿಲ್ಲ ಎಂಬುದು ಸಣ್ಣ ವಿಷಯ, ಅದನ್ನು ಇಲ್ಲಿಗೇ ಬಿಡುತ್ತೇನೆ.

ಬಿಡಲಾಗದ ವಿಷಯ ಬೇರೆಯಿದೆ. ಸುಪ್ರೀಂ ಕೋರ್ಟ್ 1997ರಲ್ಲಿ ಕೊಟ್ಟ ವಿಶಾಖಾ ತೀರ್ಪು, 2013ರ ಕಾಯಿದೆ, ಆಮೇಲೆ ಬಂದ ಯುಜಿಸಿ ನಿಯಮಗಳು, ಇವುಗಳ ಪ್ರಕಾರ ಪ್ರತಿ ವಿಶ್ವವಿದ್ಯಾಲಯದಲ್ಲೂ ಲೈಂಗಿಕ ಕಿರುಕುಳದ ವಿರುದ್ಧ ಆಂತರಿಕ ದೂರು ಸಮಿತಿ ಇರಲೇಬೇಕು. ಸಮಿತಿ ಇದೆ, ನಾಮಫಲಕವೂ ಇದೆ. ಆದರೆ ದೂರು ಬಂದ ದಿನ ಹುಡುಗಿ ಮೊದಲು ಬರುವುದು ಆ ಫಲಕದ ಬಳಿಗಲ್ಲ, ತನ್ನ ಮಾತನ್ನು ನಂಬಿ ಕೇಳುವವರ ಬಳಿಗೆ. ನನ್ನ ಸೇವಾವಧಿಯಲ್ಲಿ ಎಷ್ಟೋ ಸಂಜೆಗಳು ಹಾಗೆ ಕಳೆದಿವೆ: ದೂರನ್ನು ಹೇಗೆ ಬರೆಯಬೇಕು, ದಿನಾಂಕಗಳನ್ನು ಹೇಗೆ ನಮೂದಿಸಬೇಕು, ಮನೆಯವರಿಗೆ ಹೇಗೆ ಹೇಳಬೇಕು ಎಂದು. ಇಂದು ಆ ಕೆಲಸ ಮಾಡುತ್ತಿರುವವಳು ಅತಿಥಿ ಉಪನ್ಯಾಸಕಿ. ಅವಳನ್ನೇ ಸಮಿತಿಯ ಸದಸ್ಯೆಯನ್ನಾಗಿಯೂ ಮಾಡಲಾಗಿದೆ. ಮುಂದಿನ ವರ್ಷ ತನ್ನ ನೇಮಕಕ್ಕೆ ಶಿಫಾರಸು ಮಾಡಬೇಕಾದ ಹಿರಿಯರ ಮೇಲೆಯೇ ದೂರು ಬಂದರೆ ಅವಳು ನಿರ್ಭಯವಾಗಿ ಸಹಿ ಹಾಕಬಲ್ಲಳೇ? ಈ ಪ್ರಶ್ನೆಯನ್ನು ನಾನು ಊಹೆಯಿಂದ ಕೇಳುತ್ತಿಲ್ಲ.

ಸರ್ಕಾರದ ಸ್ವಂತ ಹಿತದ ದೃಷ್ಟಿಯಿಂದಲೂ ಒಂದು ಮಾತು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಯಿತು, ಅದೇ ಆಗಸ್ಟ್ ಕೊನೆಗೆ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಬಂತು. ಬಸ್ಸು ಉಚಿತವಾದ ಮೇಲೆ ಹೆಂಗಸರು ಎಲ್ಲಿಗೆ ಹೋಗುತ್ತಿದ್ದಾರೆ? ದೂರದ ಕೆಲಸಕ್ಕೋ, ತವರಿಗೋ, ಆಸ್ಪತ್ರೆಗೋ, ದೇವಸ್ಥಾನಕ್ಕೋ? ಬ್ಯಾಂಕಿಗೆ ಬಂದ ಹಣ ಯಾರ ಕೈ ಸೇರುತ್ತಿದೆ? 'ಯಜಮಾನಿ' ಎಂದು ದಾಖಲೆಯಲ್ಲಿ ಬರೆದ ಮಾತ್ರಕ್ಕೆ ಮನೆಯೊಳಗೆ ಅವಳ ಮಾತು ನಡೆಯುತ್ತದೆಯೇ? ಮೂದಲಿಸುವವರೂ ಹೊಗಳುವವರೂ ಇಬ್ಬರೂ ಈ ಪ್ರಶ್ನೆಗಳಿಗೆ ಊಹೆಯ ಉತ್ತರಗಳನ್ನೇ ಕೊಡುತ್ತಿದ್ದಾರೆ. ಉತ್ತರ ಹುಡುಕಲು ಬಸ್ಸಿನೊಳಗೆ ಕೂತು, ಅಡುಗೆಮನೆಯೊಳಗೆ ಕೂತು, ಅತ್ತೆ ಹತ್ತಿರವಿಲ್ಲದಾಗ ಸೊಸೆಯನ್ನು ಮಾತಾಡಿಸಲು ಕಲಿತವರು ಬೇಕು. ಅದಕ್ಕೊಂದು ತರಬೇತಿಯಿದೆ, ಅದನ್ನು ನಾವು ಕಲಿಸುತ್ತಿದ್ದೆವು. ರಾಜ್ಯದ ಬಜೆಟ್ಟಿನೊಂದಿಗೆ ಮಹಿಳೆಯರಿಗಾಗಿ ಮೀಸಲಾದ ಅನುದಾನಗಳ ಪ್ರತ್ಯೇಕ ಪುಸ್ತಕ ಒಂದೂವರೆ ದಶಕಕ್ಕೂ ಹಿಂದಿನಿಂದ ಬರುತ್ತಿದೆ. ಅದನ್ನು ಸಾಲುಸಾಲಾಗಿ ಓದಿಸುವ ತರಗತಿಗಳು ಎಷ್ಟಿವೆ? ದೇಶ ಇನ್ನೂ ಯೋಚಿಸುತ್ತಿದ್ದಾಗಲೇ 1983ರ ಕಾಯಿದೆಯಿಂದ ಪಂಚಾಯತಿಗಳಲ್ಲಿ ಹೆಂಗಸರಿಗೆ ಶೇ. 25 ಸ್ಥಾನ ಮೀಸಲಿಟ್ಟ, 2021ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ಹುದ್ದೆಗಳಲ್ಲಿ ಶೇ. 1 ಮೀಸಲಾತಿ ಕೊಟ್ಟ ರಾಜ್ಯ ನಮ್ಮದು. ಕಾನೂನು ಮಾಡುವುದರಲ್ಲಿ ಮುಂದಿರುವ ರಾಜ್ಯ, ಆ ಕಾನೂನು ಊರಿನ ಕೇರಿಗೆ ತಲುಪಿ ಏನಾಯಿತೆಂದು ತಿಳಿಯುವ ವಿದ್ಯೆಯಲ್ಲಿ ಹಿಂದೆ ಬೀಳುವುದು ಸರಿಯಲ್ಲ.

ನಮ್ಮ ಕಡೆಯ ತಪ್ಪುಗಳನ್ನು ಮುಚ್ಚಿಟ್ಟು ನಾನು ವಾದ ಮಾಡುವುದಿಲ್ಲ. ಮಾರ್ಚ್ 8 ಬಂತೆಂದರೆ ರಂಗೋಲಿ ಸ್ಪರ್ಧೆ, ಒಂದು ಭಾಷಣ, ಶಾಲು ಹೊದಿಸುವುದು, ಇಷ್ಟಕ್ಕೇ ಮುಗಿಸಿದ ವರ್ಷಗಳಿವೆ. ಕನ್ನಡದ ವಿದ್ಯಾರ್ಥಿಗೆ ನಾಲಿಗೆಗೂ ಹತ್ತದ ಪಾರಿಭಾಷಿಕ ಪದಗಳನ್ನು ಅನುವಾದಿಸಿ ಟಿಪ್ಪಣಿಯಾಗಿ ಹಂಚಿ, ಅದನ್ನೇ ಪಾಠವೆಂದುಕೊಂಡದ್ದಿದೆ. ದಲಿತ ಹೆಣ್ಣುಮಕ್ಕಳು, ಮುಸ್ಲಿಂ ಹೆಣ್ಣುಮಕ್ಕಳು ನಮ್ಮ ಪಠ್ಯದಲ್ಲಿ ಮೊದಲ ಸಾಲಿಗೆ ಬರಲು ತಡವಾಯಿತು. ಲಿಂಗತ್ವ ಅಲ್ಪಸಂಖ್ಯಾತರ ಬದುಕು ಇನ್ನೂ ತಡವಾಗಿ ಬಂತು. ಗಂಡಸರು ಹೇಗೆ ಗಂಡಸರಾಗುತ್ತಾರೆ ಎಂಬುದೂ ಈ ವಿಷಯದ ಪಾಠವೇ ಎಂದು ಗಂಡುಹುಡುಗರಿಗೆ ತಿಳಿಸಿಹೇಳಲು ನಮಗೆ ಸಾಧ್ಯವಾದದ್ದು ಆ ಮುಕ್ತ ಆಯ್ಕೆಯ ತರಗತಿಗಳಲ್ಲಿ ಮಾತ್ರ. ವಿಭಾಗದ ಕೆಲಸವನ್ನು ತಜ್ಞರಿಂದ ಕಟ್ಟುನಿಟ್ಟಾಗಿ ಪರಿಶೀಲಿಸಿ ಎಂದು ತಾವು ಹೇಳಿದ್ದರೆ ನಾನೇ ಮೊದಲು ಸ್ವಾಗತಿಸುತ್ತಿದ್ದೆ. ಪರಿಶೀಲನೆಯೇ ನಡೆಯದೆ ತೀರ್ಪು ಬಂದಿದೆ.

ಸಮಾಜಕಾರ್ಯವಾಗಲಿ ಸಮಾಜಶಾಸ್ತ್ರವಾಗಲಿ ನಮ್ಮ ಸೋದರ ವಿಷಯಗಳು, ಅವುಗಳ ಬಗ್ಗೆ ನನಗೆ ಗೌರವವಿದೆ. ಆದರೆ ಸಮಾಜಕಾರ್ಯವು ಕಷ್ಟದಲ್ಲಿರುವ ಹೆಂಗಸಿಗೆ ನೆರವಾಗುವ ಬಗೆಯನ್ನು ಕಲಿಸುತ್ತದೆ. ಅವಳ ಕಷ್ಟ ಸಹಜವೆಂದು ನಮಗೆಲ್ಲ ಏಕೆ ತೋರಿತು ಎಂದು ಕೇಳುವುದು ನಮ್ಮ ಕೆಲಸ. ಆ ಪ್ರಶ್ನೆಯನ್ನು ಒಂದು ಐಚ್ಛಿಕ ಪತ್ರಿಕೆಯ ನಾಲ್ಕನೆಯ ಘಟಕಕ್ಕೆ ತಳ್ಳಿದರೆ ಅದು ಪರೀಕ್ಷೆಯ ಹಿಂದಿನ ದಿನ ಬಾಯಿಪಾಠವಾಗುವ ಐದಂಕದ ಉತ್ತರವಾಗುತ್ತದೆ. ಅಲ್ಲದೆ ಒಮ್ಮೆ ಬಿಟ್ಟ ಹುದ್ದೆಗಳು ಮತ್ತೆ ಬಾರವು. ಆರ್ಥಿಕ ಇಲಾಖೆಯ ಕಡತಗಳನ್ನು ಬಲ್ಲ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ.

ವಿದೇಶದ ಒಂದು ನಿದರ್ಶನವನ್ನು ಎಚ್ಚರಿಕೆಯಿಂದಲೇ ಉಲ್ಲೇಖಿಸುತ್ತೇನೆ. 2018ರಲ್ಲಿ ಹಂಗೇರಿ ಸರ್ಕಾರ ಲಿಂಗತ್ವ ಅಧ್ಯಯನದ ಸ್ನಾತಕೋತ್ತರ ಪದವಿಯನ್ನು ಮಾನ್ಯತೆಯ ಪಟ್ಟಿಯಿಂದಲೇ ತೆಗೆದುಹಾಕಿತು. ಅಲ್ಲಿ ಕೊಟ್ಟ ಕಾರಣಗಳಲ್ಲೂ ವಿದ್ಯಾರ್ಥಿಗಳು ಕಡಿಮೆ, ಉದ್ಯೋಗದಾತರಿಗೆ ಬೇಡ ಎಂಬವು ಇದ್ದವು. 2023ರಲ್ಲಿ ಅಮೆರಿಕದ ಫ್ಲಾರಿಡಾದ ನ್ಯೂ ಕಾಲೇಜಿನ ಆಡಳಿತ ಮಂಡಳಿ ಇದೇ ವಿಷಯವನ್ನು ಕೈಬಿಡಲು ಮತ ಹಾಕಿತು. ಅಲ್ಲಿ ಲೆಕ್ಕದ ನೆಪವೂ ಹೆಚ್ಚು ಬೇಕಾಗಲಿಲ್ಲ. ತಮ್ಮ ಉದ್ದೇಶ ಅಂಥದ್ದೆಂದು ನಾನು ಹೇಳುವುದಿಲ್ಲ, ಹಾಗೆ ನಂಬುವುದೂ ಇಲ್ಲ. ನಮ್ಮಲ್ಲಿ ನಡೆಯುತ್ತಿರುವುದು ದ್ವೇಷದಿಂದಲ್ಲ, ಉದಾಸೀನದಿಂದ. 12ನೆಯ ಪಂಚವಾರ್ಷಿಕ ಯೋಜನೆ 2017ರಲ್ಲಿ ಮುಗಿದಾಗ ಯುಜಿಸಿ ಕೇಂದ್ರಗಳ ಅನುದಾನ ಕೆಲವೇ ತಿಂಗಳುಗಳ ವಿಸ್ತರಣೆಯ ಮೇಲೆ ನಿಂತು, ದೇಶದ ನೂರೈವತ್ತಕ್ಕೂ ಹೆಚ್ಚು ಕೇಂದ್ರಗಳು ಮುಂದೇನೆಂದು ತಿಳಿಯದೆ ಕುಳಿತಿದ್ದನ್ನು ನಾವು ನೋಡಿದ್ದೇವೆ. ಆಗ ರಾಜ್ಯ ಸರ್ಕಾರ ಕೈಹಿಡಿದೀತೆಂದು ಕಾದೆವು. ಇದು ಹನ್ನೆರಡನೆಯ ಶತಮಾನದ ವಚನಕಾರ್ತಿಯರ ನಾಡು ಎಂದು ವೇದಿಕೆಗಳಲ್ಲಿ ಹೇಳಿಕೊಳ್ಳುತ್ತೇವೆ. 2003ರಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ ಕಟ್ಟಿ, ಆಮೇಲೆ ಅದಕ್ಕೆ ಅಕ್ಕಮಹಾದೇವಿಯ ಹೆಸರಿಟ್ಟೆವು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಕನ್ನಡದಲ್ಲೇ ಈ ವಿಷಯವನ್ನು ಬೆಳೆಸುವ ವಿಭಾಗವನ್ನು ತೆರೆದೆವು. ಈ ಎಲ್ಲವೂ ಸರ್ಕಾರದ ಕೈಯಿಂದಲೇ ಆದ ಒಳ್ಳೆಯ ಕೆಲಸಗಳು.

ಆದ್ದರಿಂದ ನನ್ನ ಕೋರಿಕೆಗಳು ಹೊಸವೇನಲ್ಲ. ವಿಲೀನದ ಪ್ರಸ್ತಾವವನ್ನು ಸಿಂಡಿಕೇಟಿನ ಮುಂದೆ ಇಡುವ ಮುನ್ನ ಹಿಂಪಡೆಯಬೇಕು. ಯಾವುದೇ ವಿಭಾಗದ ಅಗತ್ಯವನ್ನು ಅಳೆಯುವಾಗ ಅದರ ಸ್ವಂತ ಪ್ರವೇಶಗಳ ಜೊತೆಗೆ ಅದು ಬೇರೆ ವಿಭಾಗಗಳ ವಿದ್ಯಾರ್ಥಿಗಳಿಗೆ ಮಾಡುವ ಪಾಠ, ಅದರ ಸಂಶೋಧನೆ, ಅದು ಸಂರಕ್ಷಿಸಿದ ಸಂಗ್ರಹ ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿಯುವಂತೆ ಸ್ಪಷ್ಟ ಸುತ್ತೋಲೆ ಹೊರಡಬೇಕು. ಮಂಜೂರಾದ ನಾಲ್ಕು ಹುದ್ದೆಗಳಲ್ಲಿ ಕನಿಷ್ಠ ಎರಡನ್ನು ಬರುವ ಶೈಕ್ಷಣಿಕ ವರ್ಷಕ್ಕೆ ಮೊದಲು ತುಂಬಬೇಕು. ನಾಲ್ಕನ್ನೂ ಕೇಳುವ ಹಕ್ಕು ನಮಗಿದೆ, ಆದರೆ ಎರಡಾದರೂ ಬಂದರೆ ಬಾಗಿಲು ತೆರೆದಿರುತ್ತದೆ. ಅತಿಥಿ ಉಪನ್ಯಾಸಕರ ಆದೇಶ ಪ್ರವೇಶ ಪ್ರಕಟಣೆಯೊಂದಿಗೇ ಹೊರಡಲಿ. ಪದವಿ ಮಟ್ಟದಲ್ಲಿ ಅಂಕಗಳುಳ್ಳ ಒಂದು ಪತ್ರಿಕೆಯಾಗಿ ಲಿಂಗತ್ವ ಅಧ್ಯಯನವನ್ನು, ಕಲೆ, ವಿಜ್ಞಾನ, ವಾಣಿಜ್ಯ ಎನ್ನದೆ ಎಲ್ಲರಿಗೂ ಇಡುವ ಬಗ್ಗೆ ಉನ್ನತ ಶಿಕ್ಷಣ ಪರಿಷತ್ತು ಯೋಚಿಸಲಿ. ಅದನ್ನು ಕಲಿಸಲು ನೆಟ್, ಕೆ-ಸೆಟ್ ಪಾಸಾದವರು ನಮ್ಮಲ್ಲಿದ್ದಾರೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಗ್ರಾಮೀಣಾಭಿವೃದ್ಧಿ, ಕಾರ್ಮಿಕ ಇಲಾಖೆಗಳ ಸೂಕ್ತ ಹುದ್ದೆಗಳಿಗೆ ಈ ಪದವಿಯನ್ನು ಅರ್ಹತೆಯಾಗಿ ಹೆಸರಿಸುವಂತೆ ತಾವು ಸಂಬಂಧಪಟ್ಟ ಸಚಿವರಿಗೆ ಬರೆಯಬೇಕೆಂದೂ ವಿನಂತಿಸುತ್ತೇನೆ. ಆಂತರಿಕ ದೂರು ಸಮಿತಿಯಲ್ಲಿ ಕೂರುವ ಅಧ್ಯಾಪಕಿಗೆ ಕೆಲಸದ ಭದ್ರತೆ ಇರಬೇಕೆಂಬುದನ್ನು ನಿಯಮವಾಗಿಸಿ.

ಇವುಗಳಲ್ಲಿ ಕೆಲವಕ್ಕೆ ಹಣ ಬೇಕು, ಕಾಲ ಬೇಕು. ಅದು ನನಗೆ ಗೊತ್ತು. ಒಂದಕ್ಕೆ ಎರಡೂ ಬೇಡ. ಆ ಗೋಣಿಚೀಲಗಳನ್ನು ಮಳೆ ಹಿಡಿಯುವ ಮುನ್ನ ಒಳಗೆ ಇಡಿಸಬೇಕು. ಒಟ್ಟು ಮೂವತ್ತೊಂದು ಚೀಲಗಳಿವೆ, ಎಣಿಸಿದ್ದೇನೆ. ಯಾವ ಚೀಲದಲ್ಲಿ ಏನಿದೆ ಎಂದು ಪಟ್ಟಿ ಮಾಡಲು ನಾನೂ ನನ್ನ ಮೂವರು ವಿದ್ಯಾರ್ಥಿನಿಯರೂ ಸಿದ್ಧರಿದ್ದೇವೆ. ಕೋಣೆಯ ಬೀಗದ ಕೈಯನ್ನು ಪರೀಕ್ಷಾ ವಿಭಾಗದಿಂದ ವಾಪಸು ಕೊಡಿಸಿದರೆ ಸಾಕು, ಸಂಬಳ ಕೇಳುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಮಹಿಳಾ ಅಧ್ಯಯನ ವಿಭಾಗದ ಒಬ್ಬ ನಿವೃತ್ತ ಪ್ರಾಧ್ಯಾಪಕಿ